ದಾರಿಯಿಂದ ನಾಲ್ಕು ಹೆಜ್ಜೆ

ಡಲ್ಸಿ ಪ್ರಾಸರ್‌ಗೆ ಹೋದ ದಾರಿಯಲ್ಲೇ ವಾಪಸು ಬರುವುದೆಂದರೆ ಆಗದು. ಹಾಲು ತರಲು ಅಂಗಡಿಗೆ ಹೋದರೂ ಚರ್ಚಿನ ಪಕ್ಕದಿಂದ ಹೋಗಿ ಹಳ್ಳದ ಪಕ್ಕದಿಂದ ಬರುತ್ತಾಳೆ. ಬಂದ ದಾರಿಯಲ್ಲೇ ತಿರುಗಿದರೆ ನಡೆದದ್ದನ್ನೆಲ್ಲ ಒರೆಸಿ ಹಾಕಿದ ಹಾಗೆ ಎಂದು ಅವಳ ವಾದ. ನಾನು ಮೂವತ್ತೊಂದು ವರ್ಷ ಬಸ್ಸನ್ನು ಹೆರೆಫರ್ಡ್ ನಗರಕ್ಕೆ ಒಯ್ದು ಅದೇ ರಸ್ತೆಯಲ್ಲಿ ಹಿಂದಕ್ಕೆ ತಂದವನು. ಹಾಗಾದರೆ ನನ್ನ ಬದುಕೆಲ್ಲ ಒರೆಸಿ ಹೋಯಿತೇನು ಎಂದು ಒಮ್ಮೆ ಕೇಳಿದೆ. "ಅದಕ್ಕೇ ಅಲ್ವಾ ಬರ್ನಾರ್ಡ್, ನಿನ್ನನ್ನ ನಡೆಯೋಕೆ ಕರ್ಕೊಂಡು ಬಂದಿರೋದು" ಎಂದಳು.

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚರ್ಚಿನ ಗೇಟಿನ ಮುಂದೆ ನಾವು ಸೇರುತ್ತೇವೆ. ಹನ್ನೆರಡು ಜನ, ಕೆಲವೊಮ್ಮೆ ಹದಿನೈದು. ಮುಂದೆ ಡಲ್ಸಿ, ಕೈಯಲ್ಲಿ ಹೇಜಲ್ ಮರದ ಕೋಲು. ಎಲ್ಲರಿಗಿಂತ ಹಿಂದೆ ನಾನು. ಹಿಂದಿನವನಿಗೆ ಎರಡೇ ಕೆಲಸ: ಯಾರೂ ಉಳಿದು ಹೋಗದಂತೆ ನೋಡಿಕೊಳ್ಳುವುದು, ಗೇಟುಗಳನ್ನು ಮುಚ್ಚುವುದು. ಒಮ್ಮೆ ಒಂದು ಗೇಟು ಮರೆತು ಬಂದೆ. ನಲವತ್ತು ಕುರಿ ಪಾದ್ರಿಯ ತೋಟದಲ್ಲಿ ಊಟ ಮುಗಿಸಿದವು. ಹದಿನೆಂಟು ವರ್ಷ ಕಳೆದರೂ ಊರಿನವರು ನನ್ನನ್ನು ಕಂಡಾಗ ಕುರಿಯ ಕ್ಷೇಮ ವಿಚಾರಿಸುವುದನ್ನು ಬಿಟ್ಟಿಲ್ಲ.

ನಮ್ಮೂರು ಲಿಟಲ್ ಆಸ್ಕೊಂಬ್‌ನ ಈ ಸುತ್ತು ನಾಲ್ಕೂವರೆ ಮೈಲಿ. ಸೇಬಿನ ತೋಟಗಳ ನಡುವೆ ಗುಡ್ಡ ಹತ್ತಿ, ಬೀಚ್ ಮರಗಳ ಕಾಡು ದಾಟಿ, ಹಳ್ಳದ ಹಲಗೆ ಸೇತುವೆಯ ಮೇಲೆ ಒಬ್ಬೊಬ್ಬರಾಗಿ ನಡೆದು, ಕೊನೆಗೆ ಯಾಪ್ ಮನೆತನದ ಉದ್ದ ಹುಲ್ಲುಗಾವಲಿಗೆ ಇಳಿಯುತ್ತೇವೆ. ಅದರ ಆಚೆ ತುದಿಯಲ್ಲಿ ಬೇಲಿ ದಾಟಲು ಎರಡು ಹಲಗೆ ಜೋಡಿಸಿದ ತಡಮೆ. ತಡಮೆ ಹತ್ತಿ ಇಳಿದರೆ ಎದುರಿಗೇ ಪ್ಲೌ ಎಂಬ ಪಬ್ಬು, ಸೇಬಿನ ಸೈಡರ್, ಹ್ಯಾಮ್ ಸ್ಯಾಂಡ್‌ವಿಚ್.

ಮೂರು ಮೈಲಿಯ ತನಕ ಎಲ್ಲರಿಗೂ ಬಾಯಿ ಇರುತ್ತದೆ. ಮೊಣಕಾಲು, ಮೊಮ್ಮಕ್ಕಳು, ಚರ್ಚಿನ ಮಾಡು ಎಲ್ಲ ಮುಗಿಯುತ್ತವೆ. ಹಳ್ಳ ದಾಟುವಷ್ಟರಲ್ಲಿ ಮಾತು ತಾನಾಗಿ ನಿಲ್ಲುತ್ತದೆ. ಹುಲ್ಲುಗಾವಲಿನಲ್ಲಿ ಮಂಜು ಸೊಂಟದವರೆಗೆ ನಿಂತಿರುತ್ತದೆ, ಮುಂದೆ ಹೋಗುವವರ ಕಾಲು ಕಾಣುವುದಿಲ್ಲ, ಹೆಗಲು, ಟೋಪಿಗಳಷ್ಟೇ ತೇಲುತ್ತ ಹೋಗುತ್ತವೆ. ಆಗ ಇದು ಈ ವರ್ಷದ ನಡಿಗೆಯೋ ಹತ್ತು ವರ್ಷದ ಹಿಂದಿನದೋ ನನಗೆ ತಿಳಿಯದಂತಾಗುತ್ತದೆ. ನನ್ನ ಹೆಂಡತಿ ಮೇವಿಸ್ ತೀರಿಕೊಂಡು ಆರು ವರ್ಷವಾಯಿತು. ಆದರೂ ಅಲ್ಲಿ ಟೋಪಿ ಎಣಿಸುವಾಗ ಅವಳ ಕೆಂಪು ಟೋಪಿಯನ್ನೂ ಸೇರಿಸಿ ಎಣಿಸಿದ್ದೇನೆ, ಲೆಕ್ಕ ಸರಿಯಾಗಿದೆ ಎಂದು ಸಮಾಧಾನದಿಂದ ನಡೆದಿದ್ದೇನೆ.

ಹುಲ್ಲುಗಾವಲಿನ ನಡುವೆ ಒಂದು ಮುದಿ ಪೇರ್ ಮರ ಇದೆ. ಅದರ ಈಚೆಗೆ, ದಾರಿಯಿಂದ ನಾಲ್ಕು ಹೆಜ್ಜೆ ಒಳಗೆ, ಹುಲ್ಲಿನಲ್ಲಿ ಹುದುಗಿದ ಉದ್ದನೆಯ ಕಲ್ಲು. ಅದು ಬಾಗಿಲ ಹೊಸ್ತಿಲು. ಮನೆ ಇಲ್ಲ, ಹೊಸ್ತಿಲು ಉಳಿದಿದೆ. ಆ ಮನೆಯಲ್ಲಿ ಡಲ್ಸಿ ಹುಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಅವಳಪ್ಪ ಯಾಪ್‌ರ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಕೆಲಸದ ಜೊತೆಗೆ ಬಂದ ಮನೆ, ಕೆಲಸದ ಜೊತೆಗೇ ಹೋಯಿತು. ಅಲ್ಲಿಗೆ ಬಂದಾಗ ಡಲ್ಸಿ ಕೈಗವಸು ಬಿಚ್ಚಿ ಅರೆಗಳಿಗೆ ನಿಲ್ಲುತ್ತಿದ್ದಳು. ಕೇಳಿದರೆ ಉಸಿರು ತೆಗೆದುಕೊಳ್ಳುತ್ತಿದ್ದೇನೆ ಎನ್ನುತ್ತಿದ್ದಳು. ಗುಡ್ಡ ಹತ್ತುವಾಗ ನಿಲ್ಲದವಳು ಸಮತಟ್ಟು ಹುಲ್ಲಿನಲ್ಲಿ ಯಾಕೆ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಶಾಲೆಯ ಅಡುಗೆಮನೆಯಲ್ಲಿ ಅವಳು ಮೂವತ್ತು ವರ್ಷ ದುಡಿದಳು. ಊರಿನ ಅರ್ಧ ಜನ ಅವಳ ಕಸ್ಟರ್ಡ್ ತಿಂದು ಬೆಳೆದವರು. ಇಂಥವಳು ಪ್ರತಿ ಹೊಸ ವರ್ಷದ ದಿನ ಒಂದು ಬಾಟಲಿ ಡ್ಯಾಮ್ಸನ್ ಹಣ್ಣಿನ ಜ್ಯಾಮ್ ಹಿಡಿದು, ಒಳ್ಳೆಯ ಕೋಟು ಹಾಕಿಕೊಂಡು, ಹುಲ್ಲುಗಾವಲಿನ ಒಡೆಯ ಯಾಪ್‌ನ ಮನೆಗೆ ಹೋಗುತ್ತಿದ್ದಳು. ಅವನೂ ಅವಳೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ಆದರೂ ಅವನು ಅವಳಿಗೆ ಮಿಸ್ಟರ್ ಯಾಪ್, ಅವಳು ಅವನಿಗೆ ಬರೀ ಡಲ್ಸಿ. "ಮಿಸ್ಟರ್ ಯಾಪ್, ಈ ವರ್ಷಾನೂ ನಾವು ನಿಮ್ಮ ಹುಲ್ಲುಗಾವಲಲ್ಲಿ ಹೋಗ್ಬಹುದಾ?" ಎಂದು ಬಾಗಿಲಲ್ಲಿ ನಿಂತು ಕೇಳುವಳು. ಅವನು ಜ್ಯಾಮಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಹೋಗಿ ಎನ್ನುವನು. ಇದು ಮೂವತ್ತೆರಡು ವರ್ಷ ನಡೆಯಿತು.

ರೆಜ್ ಟಜ್‌ಗೆ ಇದು ನಗೆಪಾಟಲು. ರೆಜ್ ನಮ್ಮ ಗುಂಪಿಗೆ ಸೇರಿದವನಲ್ಲ. ಯಾವ ಗುಂಪಿಗೂ ಸೇರಿದವನಲ್ಲ. ಕಚ್ಚುವ ಒಂದು ನಾಯಿ ಕಟ್ಟಿಕೊಂಡು ದಿನಾ ಬೆಳಿಗ್ಗೆ ಅದೇ ಹುಲ್ಲುಗಾವಲಿನಲ್ಲಿ, ಯಾರಿಗೂ ಕ್ಯಾರೇ ಎನ್ನದೆ, ಯಾಪ್ ಎದುರಾದರೂ ಟೋಪಿ ಮುಟ್ಟದೆ ನಡೆಯುತ್ತಿದ್ದ. "ಕಾಲು ನಂದು, ನೆಲ ದೇವರದ್ದು. ಜ್ಯಾಮ್ ಯಾಕೆ ಕೊಡ್ಬೇಕು?" ಎನ್ನುತ್ತಿದ್ದ. ಒಟ್ಟಿನಲ್ಲಿ ಮರ್ಯಾದೆ ಇಲ್ಲದ ಮನುಷ್ಯ ಎಂದು ನಾವೆಲ್ಲ ತೀರ್ಮಾನಿಸಿದ್ದೆವು.

ಯಾಪ್ ಮಕ್ಕಳಿಲ್ಲದೆ ಸತ್ತ. ಜಮೀನನ್ನು ಮಿಸೆಸ್ ಮಾರ್ಸ್‌ಡನ್ ಎಂಬಾಕೆ ಕೊಂಡಳು. ಆಕೆಗೆ ಕುದುರೆಗಳು, ಕುದುರೆಗಳಿಗೆ ನಾಯಿಯ ಭಯ. ಹೀಗಾಗಿ ತಡಮೆಗೆ ಅಡ್ಡ ಮೂರು ಸಾಲು ತಂತಿ ಬಂತು, ಖಾಸಗಿ ಎಂಬ ಬೋರ್ಡು ಬಂತು. ನಾವು ಜಿಲ್ಲೆಯ ಕೌಂಟಿ ಕಚೇರಿಗೆ ಓಡಿದೆವು. ನಕಾಶೆ ಬಿಚ್ಚಿ ನೋಡಿದೆವು. ತೋಟದ ದಾರಿ ಇದೆ, ಕಾಡಿನ ದಾರಿ ಇದೆ, ಹಳ್ಳದ ತನಕ ಚುಕ್ಕಿ ಗೆರೆ ಇದೆ. ಹುಲ್ಲುಗಾವಲಿನಲ್ಲಿ ಏನೂ ಇಲ್ಲ. ನಮ್ಮ ಸುತ್ತಿಗೆ ಕೊನೆಯ ತುಂಡೇ ಇಲ್ಲ.

ದಾರಿ ಉಳಿಸಿಕೊಳ್ಳಲು ಒಂದು ಉಪಾಯವಿದೆ ಎಂದು ಕಚೇರಿಯ ಹುಡುಗಿ ಹೇಳಿದಳು. ಇಪ್ಪತ್ತು ವರ್ಷ ಜನ ಬೇಲಿ ಮುರಿಯದೆ, ಕದ್ದು ಮುಚ್ಚಿ ಓಡಾಡದೆ, ಯಾರ ಅನುಮತಿಯನ್ನೂ ಪಡೆಯದೆ ತಮ್ಮದೇ ದಾರಿ ಎಂಬಂತೆ ನಡೆದಿದ್ದರೆ ಅದು ಊರಿನ ದಾರಿಯಾಗುತ್ತದೆ. ನಡೆದವರು ಅರ್ಜಿ ತುಂಬಿ ಕೊಡಬೇಕು. ಇಷ್ಟೇ ತಾನೇ ಎಂದು ನಮಗೆಲ್ಲ ಹಿಗ್ಗು. ಇಪ್ಪತ್ತೇಕೆ, ಮೂವತ್ತು ವರ್ಷ ನಡೆದಿದ್ದೇವಲ್ಲ.

ಊರಿನ ಸಭಾಭವನದಲ್ಲಿ ಎಲ್ಲರೂ ಕೂತು ಅರ್ಜಿ ತುಂಬಿದೆವು. ಡಲ್ಸಿ ಹಣ್ಣಿನ ಕೇಕು ತಂದಿದ್ದಳು. ಹದಿನಾಲ್ಕನೆಯ ಪ್ರಶ್ನೆಗೆ ಬಂದಾಗ ಅವಳ ಪೆನ್ನು ನಿಂತಿತು. ನೀವು ಯಾವಾಗಲಾದರೂ ಅನುಮತಿ ಕೇಳಿದ್ದುಂಟೆ ಎಂಬುದು ಪ್ರಶ್ನೆ. ಅವಳು ಎದ್ದು, ಸಹಾಯಕ್ಕೆ ಬಂದಿದ್ದ ಕಚೇರಿಯ ಹುಡುಗಿಯ ಹತ್ತಿರ ಹೋಗಿ, ಕೇಳಿದ್ದರೆ ಏನಾಗುತ್ತದೆ ಎಂದು ವಿಚಾರಿಸಿದಳು. ಕೇಳಿ ನಡೆದವರ ನಡಿಗೆ ಲೆಕ್ಕಕ್ಕೆ ಬರುವುದಿಲ್ಲ ಎಂದಳು ಆಕೆ. ತನಗಾಗಿ ಕೇಳಿದ್ದೋ ಎಲ್ಲರ ಪರವಾಗಿ ಕೇಳಿದ್ದೋ ಎಂಬುದೂ ಮುಖ್ಯವಂತೆ. ನಾವು ಹೋಗಬಹುದಾ ಎಂದೇ ಅವಳು ಕೇಳಿದ್ದಳು, ಮೂವತ್ತೆರಡು ಸಲ.

ರೆಜ್ ಅಂದು ತಾನೂ ಅರ್ಜಿ ತುಂಬಲು ಬಂದಿದ್ದ, ಮೂಲೆಯಲ್ಲಿ ಕೂತಿದ್ದ. "ಕೇಳಿಲ್ಲ ಅಂತ ಬರಿ ಕಣೇ ಡಲ್ಸಿ. ಯಾಪ್ ಮಣ್ಣಲ್ಲಿದಾನೆ, ಎದ್ದು ಬಂದು ಹೇಳ್ತಾನಾ?" ಎಂದ. ಮೊದಲ ಬಾರಿಗೆ ಊರೆಲ್ಲ ರೆಜ್ ಟಜ್‌ನ ಮಾತಿಗೆ ತಲೆಯಾಡಿಸಿತು. ಬರಿ ಡಲ್ಸಿ ಎಂದು ನಾನೂ ಹೇಳಿದೆ. ನಾಚಿಕೆಯಾದರೂ ಹೇಳುತ್ತೇನೆ, ಎರಡು ಸಲ ಹೇಳಿದೆ.

"ಅವನು ಹೇಳಲ್ಲ ರೆಜ್. ನಾನು ಹೇಳ್ಬೇಕಲ್ಲ" ಎಂದಳು. ಹೌದು ಎಂದು ಬರೆದಳು. ಪ್ರತಿ ವರ್ಷ, ಎಲ್ಲರ ಪರವಾಗಿ ಎಂದೂ ಬರೆದಳು. ಕೇಕಿನ ತಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು.

ನನಗೆ ಸಿಟ್ಟು ಬಂದದ್ದು ನಿಜ. ಮೇವಿಸ್ ನಡೆದದ್ದೂ ಲೆಕ್ಕಕ್ಕಿಲ್ಲದೆ ಹೋಯಿತಲ್ಲ. ಎರಡು ತಿಂಗಳು ಮುಖ ಊದಿಸಿಕೊಂಡು ಓಡಾಡಿದೆ. ಭಾನುವಾರದ ನಡಿಗೆ ಹಳ್ಳದ ತನಕ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುವಂತಾಯಿತು. ಡಲ್ಸಿ ಬರುವುದನ್ನೇ ನಿಲ್ಲಿಸಿದಳು. ಎಪ್ಪತ್ತಾರನೆಯ ವಯಸ್ಸಿನವರೆಗೆ ಕಾಲು ನಿಲ್ಲದವಳು ಕಿಟಕಿಯ ಹಿಂದೆ ಕುರ್ಚಿಯಲ್ಲಿ ಕೂತಿರುವುದು ಬೀದಿಯಿಂದ ಕಾಣುತ್ತಿತ್ತು. ಒಂದು ತಿಂಗಳಲ್ಲಿ ಹತ್ತು ವರ್ಷ ಮುಪ್ಪಾದಂತೆ ಕಂಡಳು. ನೋಡಲಾಗದೆ ನಾನೇ ಒಂದು ಸಂಜೆ ಬಾಗಿಲು ತಟ್ಟಿದೆ.

ಟೀ ಮಾಡಿದಳು. ಆಮೇಲೆ ತಾನಾಗಿಯೇ ಶುರು ಮಾಡಿದಳು. ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಸೆಪ್ಟೆಂಬರ್ ಕೊನೆಗೆ ಮನೆ ಬಿಡಬೇಕೆಂದು ದೊಡ್ಡ ಯಾಪ್, ಅಂದರೆ ನಮ್ಮ ಯಾಪ್‌ನ ಅಪ್ಪ, ಹೇಳಿ ಕಳಿಸಿದ. ಗಾಡಿಗೆ ಸಾಮಾನು ಹೇರಿದ ಮೇಲೆ ಅವಳಮ್ಮ ಬಕೆಟ್ಟು ತಂದು ಮಂಡಿಯೂರಿ ಹೊಸ್ತಿಲು ತಿಕ್ಕಿ ತೊಳೆದಳು. ಮರುವಾರ ಕೆಡವುವ ಮನೆಯ ಹೊಸ್ತಿಲು. ಹುಡುಗಿ ಗೊಂಬೆ ಮರೆತೆನೆಂದು ಒಳಗೆ ಓಡಲು ಹೋದಾಗ ಅಮ್ಮ ಕೈ ಹಿಡಿದು ನಿಲ್ಲಿಸಿದಳು.

"'ಇನ್ನು ನಮ್ದಲ್ಲ, ಕೇಳ್ದೆ ಕಾಲಿಡಬೇಡ' ಅಂದ್ಳು. ಆಮೇಲೆ ಆ ಕಲ್ಲಿನ ಮೇಲೆ ನಾನು ಕಾಲಿಟ್ಟಿಲ್ಲ ಬರ್ನಾರ್ಡ್. ಪ್ರತಿ ಜನವರಿ ಅದನ್ನ ಕೇಳೋಣ ಅಂತಾನೇ ಹೋಗ್ತಿದ್ದೆ. ಒಂದ್ಸಲ ಒಳಗೆ ಹೋಗಿ ಬರ್ಲಾ ಅಂತ. ಅವನ ಮುಖ ನೋಡಿದ್ರೆ ಬಾಯಿಗೆ ಬರ್ತಿದ್ದಿದ್ದು ಬರೀ ದಾರಿ."

ಹಾಗಾದರೆ ಈ ಅನುಮತಿಯ ಗೋಳೆಲ್ಲ ಆ ನಾಲ್ಕು ಹೆಜ್ಜೆಗಾಗಿ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಟೀ ಲೋಟಗಳನ್ನು ನಾನೇ ತೊಳೆದಿಟ್ಟು ಮನೆಗೆ ಬಂದೆ.

ತೀರ್ಪು ಬರಲು ಒಂದೂವರೆ ವರ್ಷ ಹಿಡಿಯಿತು. ಮಿಸೆಸ್ ಪ್ರಾಸರ್ ಮತ್ತು ಅವರ ತಂಡದ ನಡಿಗೆ ಅನುಮತಿ ಪಡೆದದ್ದು, ಅದನ್ನು ಪರಿಗಣಿಸಿಲ್ಲ ಎಂದು ಒಂದು ಸಾಲು ಇತ್ತು. ಆದರೆ ಗುಂಪಿಗೆ ಸೇರದೆ, ಯಾರನ್ನೂ ಕೇಳದೆ, ತಮ್ಮ ಪಾಡಿಗೆ ನಡೆದವರು ಹನ್ನೊಂದು ಜನ ಸಿಕ್ಕಿದ್ದರು. ಮೊದಲ ಹೆಸರು ರೆಜ್ ಟಜ್, ನಲವತ್ತೊಂದು ವರ್ಷ, ದಿನಾ. ಊರಿಗೆ ಹುಲ್ಲುಗಾವಲಿನ ದಾರಿ ಸಿಕ್ಕಿತು, ಅದೂ ಮರ್ಯಾದೆ ಇಲ್ಲದ ಮನುಷ್ಯನ ಕಾಲಿನಿಂದ. ಸ್ಮಾರಕ ಕಟ್ಟಿಸ್ತೀರೋ ಇಲ್ವೋ ಎಂದು ಅವನು ಪ್ಲೌನಲ್ಲಿ ಒಂದು ವಾರ ಎಲ್ಲರ ತಲೆ ತಿಂದ.

ಏಪ್ರಿಲ್ ಮೊದಲ ಭಾನುವಾರ ತಂತಿ ತೆಗೆದಾಗಿತ್ತು. ಡಲ್ಸಿ ಮುಂದೆ, ನಾನು ಹಿಂದೆ. ರೆಜ್ ಕೂಡ ಬಂದಿದ್ದ, ನಾಯಿಗೆ ಹಗ್ಗ ಹಾಕಿದ್ದ. ಹಳ್ಳ ದಾಟಿದಾಗ ಮಾತು ಎಂದಿನಂತೆ ಇಳಿಯಿತು. ಮಂಜು ಇನ್ನೂ ಕರಗಿರಲಿಲ್ಲ. ಪೇರ್ ಮರ ತುದಿಯಿಂದ ಬುಡದವರೆಗೆ ಹೂವಾಗಿತ್ತು. ಹೂವು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಮರದ ಹತ್ತಿರ ಮಿಸೆಸ್ ಮಾರ್ಸ್‌ಡನ್ ಒಂದು ಕಂದು ಕುದುರೆಯನ್ನು ಹಿಡಿದುಕೊಂಡು ನಿಂತಿದ್ದಳು. ಸೋತವಳ ಮುಖವೇನೂ ಇರಲಿಲ್ಲ. ನಾವು ಹಾದು ಹೋಗುವ ತನಕ ಕುದುರೆ ಬೆದರದಂತೆ ಹಿಡಿದಿರಲು ಬಂದಿದ್ದಳಂತೆ.

ಡಲ್ಸಿ ಕೈಗವಸು ಬಿಚ್ಚಿದಳು. ಈ ಸಲ ಉಸಿರು ತೆಗೆದುಕೊಳ್ಳುತ್ತಿದ್ದೇನೆ ಎನ್ನಲಿಲ್ಲ. ಕೋಟಿನ ಜೇಬಿನಿಂದ ಜ್ಯಾಮಿನ ಬಾಟಲಿ ತೆಗೆದಳು. ಹಿಂದಿನಿಂದ ರೆಜ್ ಗೊಣಗಿದ: "ಅಯ್ಯೋ ಮಾರಾಯ್ತಿ, ದಾರಿ ಈಗ ನಮ್ದು. ಇನ್ನೂ ಏನ್ ಕೇಳ್ತೀಯ?"

"ದಾರಿ ಕೇಳ್ತಿಲ್ಲ" ಎಂದಳು ಡಲ್ಸಿ. ಮಿಸೆಸ್ ಮಾರ್ಸ್‌ಡನ್ ಕಡೆ ತಿರುಗಿ, ಕಲ್ಲನ್ನು ತೋರಿಸಿ, "ಅದು ನಿಮ್ಮ ಜಾಗ. ನಾನು ಹುಟ್ಟಿದ ಮನೆ. ಒಂದ್ಸಲ ಒಳಗೆ ಹೋಗಿ ಬರ್ಲಾ?" ಎಂದಳು. ಧ್ವನಿ ಒಂಬತ್ತು ವರ್ಷದವಳದ್ದು.

ಮಿಸೆಸ್ ಮಾರ್ಸ್‌ಡನ್ ಅವಳನ್ನೂ ಖಾಲಿ ಹುಲ್ಲನ್ನೂ ನೋಡಿದಳು. ಡಲ್ಸಿಯ ಅರ್ಜಿಯನ್ನು ಆಕೆಯೂ ಓದಿದ್ದಳು. "ನಿಮ್ಮ ಅರ್ಜಿ ಓದಿದ ದಿನದಿಂದ ನೀವು ಬಂದು ಕೇಳ್ತೀರಿ ಅಂದ್ಕೊಂಡಿದ್ದೆ. ಹೋಗಿ" ಎಂದು ಬಾಟಲಿ ತೆಗೆದುಕೊಂಡಳು.

ಡಲ್ಸಿ ನಾಲ್ಕು ಹೆಜ್ಜೆ ಇಟ್ಟಳು. ಹೊಸ್ತಿಲ ಬಳಿ ಬೂಟಿನ ಕೆಸರನ್ನು ಹುಲ್ಲಿಗೆ ಒರೆಸಿ, ಬಲಗಾಲು ಕಲ್ಲಿನ ಮೇಲಿಟ್ಟು ಒಳಗೆ ಹೋದಳು. ಒಳಗೆ ಎಂದೇ ಹೇಳಬೇಕು. ಎಡಕ್ಕೆ ತಿರುಗಿ ಒಲೆ ಇದ್ದಲ್ಲಿ ನಿಂತಳು. ತೊಲೆಗೆ ತಲೆ ತಾಗುತ್ತದೆ ಎಂಬಂತೆ ಒಂದು ಕಡೆ ಬಗ್ಗಿದಳು. ಮಂಜಿನಲ್ಲಿ ಒಂದೆಡೆ ಕೂತು ನೆಲದಿಂದ ಏನನ್ನೋ ಎತ್ತಿಕೊಂಡಂತೆ ಕಂಡಿತು, ಕಲ್ಲೋ ಹೂವೋ ಬರೀ ಗಾಳಿಯೋ ನನಗೆ ಗೊತ್ತಾಗಲಿಲ್ಲ. ಹದಿಮೂರು ಜನ ಹುಲ್ಲಿನಲ್ಲಿ ನಿಂತು ಮನೆಯೊಂದನ್ನು ನೋಡುತ್ತಿದ್ದೆವು. ರೆಜ್ ಟೋಪಿ ತೆಗೆದಿದ್ದ.

ಹೊಸ್ತಿಲಿನಿಂದ ಅವಳು ವಾಪಸು ಬರಲಿಲ್ಲ. ಅಡುಗೆಮನೆ ಹಾದು ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಪೇರ್ ಮರವನ್ನು ಸುತ್ತಿ, ಆಚೆ ಕಡೆಯಿಂದ ದಾರಿಗೆ ಬಂದು ಸೇರಿದಳು. ಕಣ್ಣು ಒದ್ದೆಯಾಗಿತ್ತು. ಕೋಲನ್ನು ಸರಿಯಾಗಿ ಹಿಡಿದು ಮುಂದೆ ಹೊರಟವಳು ತಿರುಗಿ ನನ್ನನ್ನು ನೋಡಿದಳು.

"ಹಿತ್ತಿಲ ಬಾಗಿಲು ಹಾಕ್ಕೊಂಡು ಬಾ ಬರ್ನಾರ್ಡ್."

ನಾನು ಮಿಸೆಸ್ ಮಾರ್ಸ್‌ಡನ್ ಕಡೆ ನೋಡಿದೆ. ಆಕೆ ತಲೆಯಾಡಿಸಿದಳು. ನಾನು ಹೋಗಿ ಮುಚ್ಚಿ ಬಂದೆ.