ರೀಲರ್ ಮನೆಯ ಚಿಟ್ಟೆಗಳು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್‌ನನ್ನು ಮದುವೆಯಾಗಿ ಬಂದಿದ್ದರೂ, ಗೂಡಿನಿಂದ ಚಿಟ್ಟೆ ಹೊರಬರುವುದನ್ನು ನಾನು ಕಂಡೇ ಇರಲಿಲ್ಲ. ಚಿಟ್ಟೆ ಬಂದರೆ ಗೂಡು ತೂತಾಗುತ್ತದೆ, ಎಳೆ ತುಂಡಾಗುತ್ತದೆ. ಅದಕ್ಕೇ ಮಾರ್ಕೆಟ್ಟಿನಿಂದ ತಂದ ಗೂಡನ್ನು ತಡಮಾಡದೆ ಬೇಯಿಸಬೇಕು. ಈ ವಿಷಯದಲ್ಲಿ ನನ್ನ ಗಂಡ ಜಮದಗ್ನಿ. ಊಟಕ್ಕೆ ತಡವಾದರೆ ಸುಮ್ಮನಿರುತ್ತಿದ್ದವರು, ಗೂಡಿಗೆ ತಡವಾದರೆ ಸೂರು ಹಾರಿಹೋಗುವಂತೆ ಕೂಗುತ್ತಿದ್ದರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಹಿಂದಿನ ಕೋಣೆಯ ಬಾಗಿಲು ತೆಗೆದೆ. ನೆಲ, ಗೋಡೆ, ಗೋಣಿಚೀಲ, ಎಲ್ಲೆಲ್ಲೂ ಬಿಳಿ ಚಿಟ್ಟೆಗಳು. ತಂದ ಗೂಡನ್ನು ಇವರು ಅಲ್ಲಿ ಹರವಿ ಮರೆತೇಬಿಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಇವರು ಬಂದು ಒಂದು ಚಿಟ್ಟೆಯನ್ನು ಅಂಗೈ ಮೇಲೆ ಹತ್ತಿಸಿಕೊಂಡು, "ಇವು ಎಲ್ಲಿಂದ ಬಂದ್ವೇ? ಎಷ್ಟ್ ಚೆನ್ನಾಗವೆ ನೋಡು" ಎಂದರು. ಸಿಟ್ಟೆಲ್ಲ ಇಳಿದು ಭಯವಾಯಿತು.

ಊರವರಿಗೆ ಎಲ್ಲಕ್ಕೂ ಕಾರಣ ಗೊತ್ತು. "ಗೂಡು ಬೇಯ್ಸೋ ಹಬೆ ತಲೆಗೇರೈತೆ" ಎಂದರು ಪಕ್ಕದ ಮನೆಯವರು. "ವಯಸ್ಸಾಯ್ತಲ್ಲಮ್ಮ, ಅರಳುಮರಳು" ಎಂದಳು ನಾದಿನಿ. ಐವತ್ತೆರಡಕ್ಕೆ ಅರಳುಮರಳಂತೆ! ಸಂಕ್ರಾಂತಿ ಹೊತ್ತಿಗೆ ಅಂಗಿಯ ಗುಂಡಿ ಹಾಕುವುದು ಮರೆತರು, ಆಮೇಲೆ ಮನೆಯ ದಾರಿ, ಆಮೇಲೆ ನನ್ನನ್ನು. ಚಿಕ್ಕಬಳ್ಳಾಪುರದ ಡಾಕ್ಟರು ಬಿಡದೆ ಕಾಡುತ್ತಿದ್ದ ಜ್ವರವನ್ನೂ ನೋಡಿ, ಇದು ಬೇರೆ ಏನೋ ಇದೆಯೆಂದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ತೊಡೆಯಿಂದ ಚರ್ಮದ ಚೂರು ತೆಗೆದು ಪರೀಕ್ಷಿಸಿ, ತೀರಾ ಅಪರೂಪದ ಲಿಂಫೋಮಾ ಎಂದರು. ಗಡ್ಡೆ ಕಟ್ಟದ ಕ್ಯಾನ್ಸರ್. ಸಣ್ಣ ರಕ್ತನಾಳಗಳ ಒಳಗೇ ತುಂಬಿಕೊಂಡು ಮಿದುಳಿಗೆ ರಕ್ತ ಸಿಗದಂತೆ ಮಾಡುತ್ತದಂತೆ.

"ಔಷಧಿ ಶುರು ಮಾಡ್ತೀವಮ್ಮ. ಹೋದ ನೆನಪು ಬರುತ್ತೋ ಇಲ್ವೋ, ಅದನ್ನ ಮಾತ್ರ ಹೇಳಕ್ಕಾಗಲ್ಲ" ಎಂದರು ಅಲ್ಲಿಯ ಡಾಕ್ಟರು. ನನಗೆ ಬೇಕಿದ್ದದ್ದು ಅದೊಂದೇ. ಇವರು ಮತ್ತೆ ನನ್ನ ಗುರುತು ಹಿಡಿಯಬೇಕು.

ಔಷಧಿ ಹಿಡಿಯಿತು. ಜ್ವರ ಬಿಟ್ಟಿತು, ತಾವೇ ಕೈಯಾರೆ ಉಂಡರು, ನರ್ಸಮ್ಮನನ್ನು ರೇಗಿಸಿದರು. ಆಸೆ ಯಾರಪ್ಪನ ಮಾತು ಕೇಳುತ್ತದೆ? ಒಂದು ಸಂಜೆ ತಲೆ ಬಾಚಿ, ಅವರಿಗಿಷ್ಟದ ಹಸಿರು ಸೀರೆಯುಟ್ಟು ಮಂಚದ ಪಕ್ಕ ಕೂತೆ. ಬಹಳ ಹೊತ್ತು ನನ್ನನ್ನೇ ನೋಡಿದರು. ಆ ಮುಖದಲ್ಲಿ ಹಳೆಯ ಅಕ್ಕರೆ ಕಂಡು ನಾನು ಇನ್ನಷ್ಟು ಹತ್ತಿರ ಸರಿದೆ.

"ಕತ್ತಲಾಗ್ತೈತೆ, ಹೊರಡಮ್ಮ" ಎಂದರು ಮೆಲ್ಲಗೆ. "ದಿನಾ ನಂಗೋಸ್ಕರ ಕೂತ್ಕೊಂತೀಯ. ಪಾಪ, ನಿನ್ನ ಗಂಡ ಕಾಯ್ತಿರಲ್ವಾ?"

"ಹೂಂ, ಬರ್ತೀನಿ" ಎಂದು ಎದ್ದು ಹೊರಗೆ ಬಂದೆ. ನಾನು ಮನೆಗೆ ಹೋದೆನೆಂದು ಅವರು ನೆಮ್ಮದಿಯಾಗಿರಲಿ ಎಂದು, ಅವರಿಗೆ ನಿದ್ದೆ ಹತ್ತುವವರೆಗೂ ಬಾಗಿಲಾಚೆಯ ಬೆಂಚಿನ ಮೇಲೆ ಕೂತಿದ್ದೆ.