ತುಕ್ಕಿನ ಮೇಲೆ ಬಳಿಸಿದ ಕಪ್ಪು ಬಣ್ಣ

"ನೀವು ಕೊಟ್ಟ ಕಾರು ಗಟ್ಟಿ ಇದ್ದ ಕಾರಣ ನನ್ನ ಮಗ ಉಳಿದ" ಎಂದರು ಆ ತಾಯಿ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

ಕುಡಿಯಲಾಗಲಿಲ್ಲ. ಬಿಸಿ ಜಾಸ್ತಿ ಎಂದು ಸುಳ್ಳು ಹೇಳಿದೆ.

ತಿರುವನಂತಪುರದ ಉಳ್ಳೂರಿನ ಹತ್ತಿರ ದೊಡ್ಡ ಆಸ್ಪತ್ರೆಯ ವಾರ್ಡು. ಮಂಚದ ಮೇಲೆ ಸದಾಶಿವ ಕಡಮಣ್ಣಾಯ. ಕಾಸರಗೋಡಿನ ಕಡೆಯವರು, ಇಲ್ಲಿ ಸರ್ಕಾರಿ ಕಚೇರಿಯಲ್ಲಿ ಸ್ಟೆನೋ. ಬಲಗೈಗೆ ಭುಜದವರೆಗೆ ಪ್ಲಾಸ್ಟರ್. ಪ್ಲಾಸ್ಟರಿನಿಂದ ಹೊರಗೆ ಬಂದ ಐದು ಬೆರಳುಗಳಲ್ಲಿ ಎರಡು ಅಲ್ಲಾಡುತ್ತಿರಲಿಲ್ಲ.

ಸ್ಟೆನೋಗೆ ಬಲಗೈ ಬೆರಳು ಎಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕೇ?

ಆ ಕಾರು ಏಳು ತಿಂಗಳ ಹಿಂದಿನವರೆಗೆ ನನ್ನದು. ಹಳೆಯ ಇಂಗ್ಲಿಷ್ ಕಾರು. ಬ್ಯಾಂಕ್ ನನ್ನನ್ನು ಕೊಚ್ಚಿಗೆ ಹಾಕಿದಾಗ ಅಲ್ಲೇ ಕೊಂಡದ್ದು. (ಹೊಸ ಕಾರಿಗೆ ಇಂದು ಬುಕ್ ಮಾಡಿದರೆ ಮಗನ ಮದುವೆಯ ಹೊತ್ತಿಗೆ ಬರಬಹುದು. ಹಾಗಾಗಿ ಹಳೆಯದೇ ಗತಿ.) ಮುಂದಿನ ಚಕ್ರಗಳ ಭಾರವನ್ನು ಸ್ಪ್ರಿಂಗಿನ ಬದಲು ಉದ್ದನೆಯ ಎರಡು ಉಕ್ಕಿನ ಸಲಾಕೆಗಳು ಹೊರುತ್ತವೆ. ಒಂದೊಂದರ ಹಿಂದಿನ ತುದಿಯಲ್ಲೂ ಒಂದು ಬೋಲ್ಟ್. ಕಾರು ಒಂದು ಕಡೆ ಕುಸಿದರೆ ಆ ಬೋಲ್ಟ್ ತಿರುಗಿಸಿ ಎತ್ತರ ಸರಿ ಮಾಡಬಹುದು. ಒಳ್ಳೆಯ ಏರ್ಪಾಡು. ಆದರೆ ಬೋಲ್ಟಿನ ತಿರುಪುಸುತ್ತು ಪೂರ್ತಿ ಬಯಲಿಗೆ. ರಸ್ತೆಯ ಕೆಸರೆಲ್ಲ ಅದಕ್ಕೇ.

ಫೋರ್ಟ್ ಕೊಚ್ಚಿಯಲ್ಲಿ ನಮ್ಮ ಮನೆ ಓಣಿಯ ಕೊನೆಯಲ್ಲಿತ್ತು. ಸಮುದ್ರ ಉಬ್ಬಿದ ದಿನ ಓಣಿಗೆ ಮೊಳಕಾಲುದ್ದ ಉಪ್ಪುನೀರು. ಕಾರು ಅದರಲ್ಲೇ ನಿಲ್ಲುತ್ತಿತ್ತು.

ತೋಪ್ಪುಂಪಡಿಯ ಮೆಕ್ಯಾನಿಕ್ ವರ್ಗೀಸ್ ಕಾರು ಕೊಂಡ ವಾರವೇ ಹೇಳಿದ್ದರು. ಅವರನ್ನು ಎಲ್ಲರೂ ಆಶಾನ್ ಎನ್ನುತ್ತಾರೆ, ಅಂದರೆ ಗುರು. "ಉಪ್ಪುನೀರು ತಾಗಿದ ದಿನ ಸಿಹಿನೀರಲ್ಲಿ ಅಡಿ ತೊಳೀಬೇಕು ಸಾರೇ. ತಿಂಗಳಿಗೊಮ್ಮೆ ಸೀಮೆಎಣ್ಣೆ ಹಾಕಿ ಬ್ರಷ್ಷಲ್ಲಿ ಉಜ್ಜಿ, ಒಣಗಿಸಿ, ಗ್ರೀಸ್ ತುಂಬಿ, ಮೇಲೆ ಕ್ಯಾನ್ವಾಸ್ ಸುತ್ತಿ. ಸುತ್ತಿ ಮರೀಬೇಡಿ. ಒಳಗೆ ಉಪ್ಪು ಕೂತರೆ ಸುತ್ತದೇ ಇರೋದೇ ವಾಸಿ."

ನಾನು ಏನು ಮಾಡಿದೆ? ಪ್ರತಿ ಭಾನುವಾರ ಬಾನೆಟ್ಟಿಗೆ ಪಾಲಿಶ್ ಹಾಕಿದೆ. ಮುಖ ಕಾಣುವ ಹಾಗೆ. ಅಡಿಯನ್ನು ಯಾರು ಬಗ್ಗಿ ನೋಡುತ್ತಾರೆ?

ತಿರುವನಂತಪುರಕ್ಕೆ ವರ್ಗವಾಯಿತು. ಕಾರು ಮಾರಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅದು ಗೊತ್ತಿದ್ದವರಿಗಷ್ಟೇ ಕಾಣುವಷ್ಟು ಬಲಕ್ಕೆ ವಾಲಿತ್ತು. ಆಶಾನ್ ಅಡಿಗೆ ನುಸುಳಿ, ಬೋಲ್ಟಿಗೆ ಸ್ಪ್ಯಾನರ್ ಹಾಕಿ, ತಿರುಗಿಸದೆ ವಾಪಸ್ ಬಂದರು. "ತುರುಂಬ್" ಎಂದರು. ತುಕ್ಕು. "ಬಲವಂತ ಮಾಡಿದರೆ ಮುರಿಯುತ್ತೆ. ಎರಡು ದಿನ ಬಿಟ್ಟು ಹೋಗಿ. ಬಿಚ್ಚಿ, ಬೇರೆ ಬೋಲ್ಟ್ ಹಾಕಿ ಕೊಡ್ತೀನಿ."

"ಟೈಮಿಲ್ಲ ಆಶಾನ್" ಎಂದೆ.

ನಿಜಕ್ಕೂ ಇರಲಿಲ್ಲವೇ? ಇತ್ತು. ತುಕ್ಕಿನ ಸುದ್ದಿ ಕೊಳ್ಳುವವರ ಕಿವಿಗೆ ಬೀಳುತ್ತದೆ ಎನ್ನುವ ಭಯವೂ ಇತ್ತು. ಬೇರೊಂದು ಶೆಡ್ಡಿಗೆ ಒಯ್ದೆ. ಅಡಿಗೆಲ್ಲ ಕಪ್ಪು ಬಣ್ಣ ಹೊಡೆಸಿದೆ. ಸಂಜೆಯೊಳಗೆ ಎಲ್ಲವೂ ಹೊಸದರ ಹಾಗೆ ಹೊಳೆಯಿತು.

ಮಂಡಿನೋವಿನ ತಾಯಿಗೆ ಬಸ್ಸು ಹತ್ತಲಾಗುವುದಿಲ್ಲ, ಅದಕ್ಕೊಂದು ಕಾರು ಬೇಕು ಎಂದು ಕಡಮಣ್ಣಾಯರು ಹುಡುಕುತ್ತಿದ್ದರು. ಕೊಚ್ಚಿಗೆ ಬಂದವರು ಬಗ್ಗಿ ಅಡಿಯನ್ನೂ ನೋಡಿದರು. "ಅಡಿ ಸಹ ಎಷ್ಟು ಚಂದ ಇಟ್ಟಿದ್ದೀರಿ ಮಾರಾಯ್ರೆ!" ಎಂದರು.

ನಾನು ನಕ್ಕೆ. ಆ ನಗು ಈಗಲೂ ನನ್ನನ್ನು ಬಿಟ್ಟಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಉಳ್ಳೂರಿನ ಇಳಿಜಾರಿನಲ್ಲಿ ಬಲಗಡೆಯ ಬೋಲ್ಟ್ ಮುರಿಯಿತು. ಕಾರು ಬಲಕ್ಕೆ ಕುಸಿದು, ರಸ್ತೆ ದಾಟಿ ಮೋರಿಯ ಕಟ್ಟೆಗೆ ಬಡಿಯಿತು. ಕಡಮಣ್ಣಾಯರ ಮೊಣಕೈ ಕಿಟಕಿಯ ಮೇಲಿತ್ತು. ಪುಣ್ಯಕ್ಕೆ ತಾಯಿ ಆ ದಿನ ಜೊತೆಗಿರಲಿಲ್ಲ. ಎದುರಿನಿಂದ ಬಸ್ಸೂ ಬರಲಿಲ್ಲ.

ಆಸ್ಪತ್ರೆಯಿಂದ ನಾನು ನೇರ ಕಾರು ನಿಲ್ಲಿಸಿದ್ದ ಜಾಗಕ್ಕೆ ಹೋದೆ. ಅಡಿಗೆ ನುಸುಳಿದೆ. (ಐದು ವರ್ಷದಲ್ಲಿ ಮೊದಲ ಸಲ.) ಮುರಿದ ಬೋಲ್ಟಿನ ಮುಖದಲ್ಲಿ ಮುಕ್ಕಾಲು ಪಾಲು ಹಳೆಯ ಕಂದು ತುಕ್ಕು. ಒಂದು ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಅಂದು ಮುರಿದದ್ದು ಅಷ್ಟೇ. ಸುತ್ತ ನನ್ನ ಕಪ್ಪು ಬಣ್ಣ ಹಾಗೇ ಇತ್ತು.

ಮರುದಿನ ತಾಯಿ ಊಟಕ್ಕೆಂದು ಹೊರಗೆ ಹೋದಾಗ ಕಡಮಣ್ಣಾಯರಿಗೆ ಎಲ್ಲ ಹೇಳಿದೆ. ಆಶಾನ್ ಹೇಳಿದ್ದು, ನಾನು ಮಾಡದೆ ಬಿಟ್ಟದ್ದು, ಆಮೇಲೆ ಮಾಡಿಸಿದ್ದು.

ಅವರು ಕೇಳಿದರು, "ಎಷ್ಟು ದಿವಸದ ಕೆಲಸ ಅಂದ್ರಿ?"

"ಎರಡು ದಿನ."

"ಒಂದು ಮಾತು ಹೇಳಿದ್ರೆ ನಾನೇ ಮಾಡಿಸ್ತಿದ್ದೆ ಅಲ್ವಾ? ಕಾರು ಬೇಡ ಹೇಳ್ತಿರ್ಲಿಲ್ಲ ನಾನು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಅಮ್ಮನಿಗೆ ಹೇಳ್ಬೇಡಿ. ನಿಮ್ಮ ಮೇಲೆ ಅವರಿಗೆ ತುಂಬ ವಿಶ್ವಾಸ ಉಂಟು" ಎಂದರು.

ಆಶಾನರಿಗೆ ಕಾಗದ ಬರೆದೆ. ಚೀಲದಲ್ಲಿ ಸ್ಪ್ಯಾನರ್‌ಗಳನ್ನು ತುಂಬಿಕೊಂಡು ಬಸ್ಸು ಹಿಡಿದು ಬಂದರು. ಗೋಣಿ ಹಾಸಿ, ಕೈಗೆ ತಂತಿ ಬ್ರಷ್ ಕೊಟ್ಟು, "ಮಲಗಿ ಸಾರೇ" ಎಂದರು. ಎರಡು ದಿನ ಮಲಗಿದೆ. ನಾನೇ ಬಳಿಸಿದ ಬಣ್ಣವನ್ನು ನಾನೇ ಕೆರೆದೆ. ಕಣ್ಣಿಗೆ ತುಕ್ಕಿನ ಪುಡಿ ಉದುರಿತು. ಎಡಗಡೆಯ ಬೋಲ್ಟೂ ಅರ್ಧ ಸವೆದಿತ್ತು. ಎರಡನ್ನೂ ಬದಲಿಸಿ, ಗ್ರೀಸ್ ತುಂಬಿ, ಕ್ಯಾನ್ವಾಸ್ ಸುತ್ತಿದೆವು. ಆಶಾನ್ ಹೊರಡುವಾಗ ಇಷ್ಟೇ ಹೇಳಿದರು: "ಆವತ್ತು ನಾನು ನಿಮ್ಮನ್ನ ತಡೀಬೇಕಿತ್ತು."

ಅವರ ತಪ್ಪೇನಿತ್ತು ಅದರಲ್ಲಿ?

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಕಡಮಣ್ಣಾಯರ ಮನೆಗೆ ಹೋಗಿ ಆ ಕಾರಿನ ಅಡಿಯನ್ನು ನಾನೇ ತೊಳೆಯುತ್ತೇನೆ. ಅವರ ಮೊಣಕೈ ಪೂರ್ತಿ ಚಾಚುವುದಿಲ್ಲ. ಬೆರಳುಗಳಲ್ಲಿ ಒಂದಕ್ಕೆ ಶಕ್ತಿ ತಿರುಗಿ ಬಂತು, ಕಿರುಬೆರಳಿಗೆ ಬರಲಿಲ್ಲ. ಮೊದಲಿನ ಸ್ಪೀಡು ಹೋಯಿತು. ಕಚೇರಿಯಲ್ಲಿ ಅವರನ್ನು ಟಪಾಲು ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿ ಎಡಗೈಯಲ್ಲಿ ಸೀಲು ಒತ್ತುತ್ತಾರೆ.

ಇದನ್ನೆಲ್ಲ ಈ ಪತ್ರಿಕೆಗೆ ಬರೆಯಲೇ ಎಂದು ಹೋದ ವಾರ ಅವರನ್ನೇ ಕೇಳಿದೆ. ಹೆಸರು ಬದಲಿಸುತ್ತೇನೆ ಎಂದೂ ಹೇಳಿದೆ.

"ಹೆಸರು ಇರ್ಲಿ. ಬರೀರಿ. ನನಗೆ ಬಾಯಿಬಿಟ್ಟು ಹೇಳ್ಲಿಕ್ಕೆ ಆಗುದಿಲ್ಲ. ಅಮ್ಮ ಈ ಪತ್ರಿಕೆಯ ಒಂದು ಅಕ್ಷರ ಬಿಡುದಿಲ್ಲ" ಎಂದರು.

ಅಮ್ಮಾ, ಇಲ್ಲಿಯವರೆಗೆ ಓದಿದಿರಾ?