ಎರಡು ರುಬ್ಬುಗುಂಡುಗಳಲ್ಲಿ ದೊಡ್ಡದು

ನಮ್ಮ ಅಡುಗೆಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಸೊಸೆ ಅದಕ್ಕೊಂದು ರುಬ್ಬುಗುಂಡನ್ನು ಒತ್ತಿ ಇಟ್ಟಿದ್ದಾಳೆ. ಮಿಕ್ಸಿ ಬಂದ ಮೇಲೆ ಒರಳು ಅಂಗಳ ಸೇರಿತು. ಅಲ್ಲಿ ಅದರ ಕುಳಿಯಲ್ಲಿ ಕೋಳಿಗಳು ನೀರು ಕುಡಿಯುತ್ತವೆ. ಗುಂಡಿಗೆ ಮಾತ್ರ ಈ ಬಾಗಿಲು ಕಾಯುವ ಚಾಕರಿ ಸಿಕ್ಕಿತು. ಕರಿಯ ಕಲ್ಲು, ಅದರ ನೆತ್ತಿ ಮೂರು ತಲೆಮಾರಿನ ಹೆಂಗಸರ ಅಂಗೈ ತಿಕ್ಕಿ ತಿಕ್ಕಿ ನುಣುಪಾಗಿದೆ. ನೀವೇನಾದರೂ ನಮ್ಮ ಮನೆಗೆ ಬಂದರೆ, ಗೆಳೆಯರೇ, ಚಹಾ ಕೊಡುವ ಮೊದಲು ಇದನ್ನೊಮ್ಮೆ ಎರಡು ಕೈಯಲ್ಲಿ ಎತ್ತಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಸೊಂಟದ ಮಟ್ಟಕ್ಕೆ ತರುವಷ್ಟರಲ್ಲೇ ನಿಮ್ಮ ಉಸಿರು ಬಿಗಿಯುತ್ತದೆ. ಇದನ್ನು ತಲೆಯ ಮೇಲೆ ಹೊತ್ತು, ಇನ್ನೂ ರಕ್ತ ನಿಲ್ಲದ ಮೈಯಲ್ಲಿ, ಬೀರಪ್ಪನ ಗುಡಿಯನ್ನು ಮೂರು ಸುತ್ತು ಸುತ್ತಿದ ಹೆಂಗಸೊಬ್ಬಳಿದ್ದಳು. ಆಕೆಯ ತಲೆಗೆ ಕಲ್ಲು ತಂದುಕೊಟ್ಟವಳು ನಾನು.

ಆಕೆ ನೀಲವ್ವ, ನನ್ನ ಗಂಡನ ಅಣ್ಣನ ಹೆಂಡತಿ. ಸಂಬಂಧದಲ್ಲಿ ನೆಗೆಣ್ಣಿಯಾದರೂ ನಾನು ಆಕೆಯನ್ನು ಅಕ್ಕ ಎಂದೇ ಕರೆದೆ. ಕೊಂಕಲ್‌ನಿಂದ ಸಗರದ ಈ ಮನೆಗೆ ನಾನು ಸೊಸೆಯಾಗಿ ಬಂದು ಆಗ ಎರಡು ವರ್ಷವಾಗಿತ್ತು. ಕುರಿ ಸಾಕುವ, ಮಳೆ ಕೊಟ್ಟಷ್ಟು ಜೋಳ ಬೆಳೆಯುವ ಮನೆತನ. ನಿಜಾಮರ ಆಳ್ವಿಕೆ ಆಗಷ್ಟೇ ಮುಗಿದಿತ್ತು. ರಜಾಕಾರರ ಗಲಾಟೆಗೆ ಹೆದರಿ ಮಂದೆ ಹೊಡೆದುಕೊಂಡು ಪಡುವಣ ಗಡಿ ದಾಟಿದ್ದ ಗಂಡಸರು ತಿಂಗಳುಗಟ್ಟಲೆ ಅಲೆದು ಮನೆಗೆ ಮರಳಿದ್ದರು. ಯಾದಗಿರಿಯ ಕಚೇರಿಯಲ್ಲಿ ಹೊಸ ಸಾಹೇಬರು ಕೂತಿದ್ದಾರೆ, ಇನ್ನು ಮೇಲೆ ಬಡವರಿಗೂ ದೊಡ್ಡವರಿಗೂ ಒಂದೇ ಕಾಯಿದೆ ಎಂದು ಶಹಾಪುರದ ಸಂತೆಗೆ ಹೋಗಿಬಂದವರೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನಾವೂ ನಂಬಿದ್ದೆವು. ಮುಂದೆ ಕನ್ನಡ ಶಾಲೆಗಳು ತೆರೆದಾಗ, ಅಪ್ಪ ಹಟ ಹಿಡಿದು ಕಲಿಸಿದ್ದ ನಾಲ್ಕು ಅಕ್ಷರಗಳ ಬಲದಿಂದ ನಾನು ಮಾಸ್ತರಿಣಿಯೂ ಆದೆ. ಆದ್ದರಿಂದಲೇ ಇವತ್ತು ಇದನ್ನು ಬರೆಯಲು ಸಾಧ್ಯವಾಗಿದೆ.

ಅಕ್ಕನಿಗೆ ಆಗಲೇ ನಾಲ್ಕು ಮಕ್ಕಳು. ನಾಲ್ಕನೆಯ ಹೆರಿಗೆಯಲ್ಲಿ ಆಕೆ ಸತ್ತೇ ಹೋದಳೆಂದು ಮನೆಯವರು ಅತ್ತಿದ್ದರಂತೆ. ಸುರಪುರದಿಂದ ಬಂದಿದ್ದ ಸೂಲಗಿತ್ತಿ ಆಕೆಯನ್ನು ಹೇಗೋ ಉಳಿಸಿ, ಇನ್ನೊಂದು ಬಸಿರು ಈ ಮೈ ತಡೆಯುವುದಿಲ್ಲವೆಂದು ಭಾವನನ್ನು ಹೊಸ್ತಿಲಿಗೆ ಕರೆದು ಹೇಳಿ ಹೋಗಿದ್ದಳು. ಭಾವ ಅಂದು ಕೇಳಿದ, ಗಡಿಯಿಂದ ಮರಳಿದ ಮೇಲೆ ಮರೆತ. ಐದನೆಯ ಬಸಿರು ಮೂರು ತಿಂಗಳು ತುಂಬುವುದರೊಳಗೆ ಅಕ್ಕನ ಕಾಲು, ಮುಖ ಬಾತುಕೊಂಡವು. ಎರಡು ಸಲ ಒಲೆಯ ಮುಂದೆಯೇ ಮೂರ್ಛೆ ಹೋದಳು. ಸೂಲಗಿತ್ತಿಯನ್ನು ಮತ್ತೆ ಕರೆಸಿದೆವು. ಆಕೆ ಬೆರಳಿನಿಂದ ಕಾಲಿನ ಬಾವು ಒತ್ತಿ ನೋಡಿ, "ಎರಡೂ ಜೀವ ಹೋಗ್ತಾವ. ಒಂದರ ಉಳಿಸ್ಕೊಳ್ರಿ" ಅಂದಳು. ಬಾಗಿಲಲ್ಲಿ ನಿಂತಿದ್ದ ಭಾವ ಹೂಂ ಅಂದ. ನನ್ನ ಎರಡು ಕಿವಿಯಾರೆ ಕೇಳಿದ್ದೇನೆ. ಆಕೆ ಕೊಟ್ಟ ನಾರುಬೇರನ್ನು ಇದೇ ಗುಂಡಿನಿಂದ ನಾನು ಅರೆದೆ. ಅಕ್ಕ ಬಟ್ಟಲನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದಳು. ಆಮೇಲೆ ಕುಡಿದಳು. ಬದುಕಿದಳು.

ಬದುಕಿದಳು ಎಂದೊಡನೆ ಹಾಯಾಗಿದ್ದಳು ಎಂದುಕೊಳ್ಳಬೇಡಿ. ಹಾಲಿನ ಗಿಂಡಿ ಕಂಡರೆ ಅಳುತ್ತಿದ್ದಳು. ಹುಟ್ಟದ ಕೂಸಿಗೆ ಒಂದು ಹೆಸರಿಟ್ಟಿದ್ದಳೆಂದು ನನಗೊಬ್ಬಳಿಗೇ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರಿಬ್ಬರದು. ಸೊಸೆಯ ಕಣ್ಣೀರು ನೋಡಲಾರದೆ ನಮ್ಮ ಅತ್ತೆ, ಬಂಗಾರದಂಥ ಹೆಂಗಸು, ಜೀವಮಾನದ ದೊಡ್ಡ ತಪ್ಪು ಮಾಡಿದಳು. ಗುಡಿಗೆ ಹೋಗಿ, ಹುಡುಗಿಯ ಮನಸ್ಸಿಗೆ ಸಮಾಧಾನ ಆಗುವ ಹರಕೆ ಏನಾದರೂ ಇದ್ದರೆ ಹೇಳು ಎಂದು ಪೂಜಾರಿಯನ್ನು ಕೇಳಿದಳು. ಸಮಾಧಾನ ಕೇಳಲು ಹೋದವಳ ಬಾಯಿಂದ ಅವನು ಒಂದೊಂದೇ ಮಾತು ಹೊರಡಿಸಿಕೊಂಡ. ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು. ನಮ್ಮ ಕಡೆ ಕುಲದ ಹಿರಿಯರು ನ್ಯಾಯಕ್ಕೆ ಸೇರಿದರೆ ದೈವ ಕೂಡಿತು ಅನ್ನುತ್ತಾರೆ. ಮುಂದಿನ ಸೋಮವಾರ ದೈವ ಕೂಡುವುದೆಂದು ಹೇಳಿಕಳಿಸಿದರು. ಅಕ್ಕನ ಹಿರಿಮಗಳು ಗಿರಿಜಿಗೆ ಮುದನಾಳದ ಮನೆಯೊಂದರಲ್ಲಿ ಮಾತು ಮುಗಿದಿತ್ತು. ಅವರೂ ಸುದ್ದಿ ಕೇಳಿ, ತಾಯಿಗೆ ದೈವ ಮಾಫಿ ಕೊಟ್ಟರೆ ಮಾತ್ರ ಮದುವೆಯ ಅಕ್ಕಿಕಾಳು, ಇಲ್ಲದಿದ್ದರೆ ಇಲ್ಲ ಎಂದರು. ಅಲ್ಲಿಗೆ ಅಕ್ಕನ ಬಾಯಿ ಕಟ್ಟಿತು.

ಇಲ್ಲಿ ಸ್ವಲ್ಪ ಕುರಿಗಳ ವಿಷಯಕ್ಕೆ ಬರಬೇಕು, ಬೇಸರಿಸಬೇಡಿ. ಕುರಿಯ ಗಬ್ಬ ಹೋದರೆ ಅದನ್ನು ಕಂದು ಹಾಕುವುದು ಅನ್ನುತ್ತಾರೆ. ನಮ್ಮ ಮನೆತನದಲ್ಲಿ ಕುರಿ ಕಂದು ಹಾಕಿದರೆ ತಪ್ಪು ಕುರಿಯದಲ್ಲ, ಕಾಯುವವನದು. ಅವನು ದೂರ ನಡೆಸಿರಬೇಕು, ಹಳ್ಳ ಹಾರಿಸಿರಬೇಕು, ಕೆಟ್ಟ ಮೇವು ಮೇಯಿಸಿರಬೇಕು. ಆದ್ದರಿಂದ ಅವನು ತಲೆಯ ರುಮಾಲು ಬಿಚ್ಚಿ, ಕುರಿಯ ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಅದರ ಮುಂಗಾಲು ಮುಟ್ಟಿ ತಪ್ಪು ಒಪ್ಪಿಕೊಳ್ಳುತ್ತಾನೆ. ಆಮೇಲೆ ಅದಕ್ಕೆ ಮೂರು ದಿನ ಜೋಳದ ಗಂಜಿ, ನೆರಳು. ದೈವ ಕೂಡುವ ಎರಡು ದಿನ ಮುಂಚೆ ನಮ್ಮ ಮಂದೆಯ ಕೆಂಚ ಕುರಿಯೊಂದು ಕಂದು ಹಾಕಿತು. ಭಾವ ಹಟ್ಟಿಯಲ್ಲಿ ಮಂಡಿಯೂರಿ ಕೂತು, ಅದರ ಕಾಲು ಹಿಡಿದು, "ತಪ್ಪಾತವ್ವಾ, ನಂದ ತಪ್ಪು, ಹೊಟ್ಟ್ಯಾಗ ಹಾಕ್ಕೊ" ಅಂದ. ಅವನ ಕಣ್ಣಲ್ಲಿ ನೀರಿತ್ತು. ಗೋಡೆಗೊರಗಿ ಕೂತಿದ್ದ ಅಕ್ಕ ನೋಡಿದಳು. ನಾನು ಆಕೆಯನ್ನು ನೋಡಿದೆ. ಆಕೆ ಎದ್ದು ಕುರಿಗೆ ಗಂಜಿ ಕಾಸಲು ಹೋದಳು.

ಸೋಮವಾರ ಗುಡಿಯ ಮುಂದೆ ಕರಿಕಂಬಳಿ ಹಾಸಿ ಹಿರಿಯರು ಕೂತರು. ಮನೆತನದ ಹಿರಿಮಗನೆಂದು ಭಾವನಿಗೂ ಕಂಬಳಿಯ ಮೇಲೆ ಜಾಗ. ನನಗೆ ಇಷ್ಟು ವರ್ಷವಾದರೂ ಸಿಟ್ಟು ಆರದಿರುವುದು ಇಲ್ಲಿ. ಹೊಸ್ತಿಲಲ್ಲಿ ಹೂಂ ಅಂದವನು ನ್ಯಾಯ ಹೇಳುವವರ ಸಾಲಿನಲ್ಲಿ ಕೂತಿದ್ದ, ಕಂಬಳಿಯ ಎಳೆ ಕೀಳುತ್ತ. ಪೂಜಾರಿ ಪಾಪದ ವಿಷಯ ಬಹಳ ಹೇಳಿದ. ಹೊಟ್ಟೆಯೊಳಗಿನದು ದೇವರ ಪ್ರಸಾದ, ಅದನ್ನು ಚೆಲ್ಲಿದವಳಿಗೆ ಈ ಲೋಕದಲ್ಲಿ ನೀರಿಲ್ಲ, ಆ ಲೋಕದಲ್ಲಿ ನೆರಳಿಲ್ಲ ಎಂದ. ಕಲ್ಲು ಹೊತ್ತು ಗುಡಿ ಸುತ್ತಿ, ಸುತ್ತಿಗೊಮ್ಮೆ ತಪ್ಪಾಯಿತೆನ್ನಬೇಕು. ಆಮೇಲೆ ಹಿರಿಯರು ಆಕೆಯ ಕೈಯ ನೀರು ಕುಡಿದರೆ ಮಾಫಿ. ಇದು ತೀರ್ಪು. ಪೂಜಾರಿ ನನ್ನ ಕಡೆ ತಿರುಗಿ, "ಹೋಗವ್ವಾ, ಮನ್ಯಾಗಿನ ಗುಂಡು ತೊಗೊಂಡು ಬಾ" ಅಂದ.

ಮನೆಯಲ್ಲಿ ಎರಡು ಗುಂಡುಗಳಿದ್ದವು. ಚಟ್ನಿ ಅರೆಯುವ ಚಿಕ್ಕದು, ಹಿಟ್ಟು ರುಬ್ಬುವ ದೊಡ್ಡದು. ಚಿಕ್ಕದನ್ನು ಒಯ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಚಿಕ್ಕದನ್ನು ಕೈಯಲ್ಲಿ ಹಿಡಿದಾಗ ನನಗೆ ಭಯ ಹುಟ್ಟಿತು: ಇವಳೇಕೆ ಕರುಣೆ ತೋರುತ್ತಾಳೆ, ಅರೆದವಳು ಇವಳೇ ಇರಬೇಕು ಎಂದರೆ? ಅದನ್ನು ಕೆಳಗಿಟ್ಟು ದೊಡ್ಡದನ್ನು ಎತ್ತಿಕೊಂಡೆ. ಎದೆಗೊತ್ತಿಕೊಂಡು ಓಣಿ ದಾಟುವಷ್ಟರಲ್ಲಿ ನನಗೇ ಏದುಸಿರು ಬಂದಿತ್ತು, ನಾನೋ ಇಪ್ಪತ್ತು ತುಂಬದ ಗಟ್ಟಿ ಹುಡುಗಿ. ಅಕ್ಕ ಕಲ್ಲನ್ನು ಗುರುತಿಸಿದಳು. ನನ್ನ ಮುಖವನ್ನು ನೋಡಲಿಲ್ಲ. ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬಗ್ಗಿದಳು, ನಾನು ಹೊರಿಸಿದೆ.

ಮೊದಲ ಸುತ್ತು ಸರಿಯಾಗಿ ನಡೆದಳು. ಎರಡನೆಯದರಲ್ಲಿ ಸೀರೆ ಒದ್ದೆಯಾಯಿತು, ಕಾಲು ತೊಡರಿತು. ಗಿರಿಜಿ ಹಿಡಿಯಲು ಓಡಿಬಂದರೆ ಪೂಜಾರಿ, "ಯಾರೂ ಮುಟ್ಟಬ್ಯಾಡ್ರಿ, ಲೆಕ್ಕಕ್ಕ ಬರಾಂಗಿಲ್ಲ" ಅಂದ. ಮಗಳ ಮುಖ ನೋಡಿದ ಮೇಲೆ ಅಕ್ಕ ಮತ್ತೆ ನೆಟ್ಟಗಾದಳು. ಮೂರು ಸುತ್ತು, ಮೂರು ಸಲ "ತಪ್ಪಾತ್ರಿ". ಹಿರಿಯರು ಒಬ್ಬೊಬ್ಬರಾಗಿ ತಂಬಿಗೆಯಿಂದ ನೀರು ಕುಡಿದರು. ಕೊನೆಗೆ ಭಾವ ಕುಡಿದ. ಹದಿನೈದು ವರ್ಷ ಆಕೆ ಕಾಸಿದ ಅಂಬಲಿ ಕುಡಿದು ಬೆಳೆಸಿದ ಮೈ ಅದು, ಆಕೆಗೆ ಮಾಫಿ ಕೊಡಲೆಂದು ಒಂದು ಗುಟುಕು ನೀರು ಕುಡಿದು ಮೀಸೆ ಒರೆಸಿಕೊಂಡಿತು. ಗಿರಿಜಿಯ ಮದುವೆ ಮುದನಾಳಕ್ಕೇ ಆಯಿತು. ಕುರಿಗೆ ಕೇಳಿದ ಮಾಫಿಯನ್ನು ಭಾವ ಹೆಂಡತಿಗೆ ಸಾಯುವ ತನಕ ಕೇಳಲಿಲ್ಲ.

ಬಸಿರು ತೆಗೆಸುವುದು ಪಾಪವೇ ಅಲ್ಲವೇ ಎಂದು ನೀವು ನನ್ನನ್ನು ಕೇಳಬಹುದು. ಅದರ ಉತ್ತರ ಗೊತ್ತಿದೆ ಎನ್ನುವವರನ್ನು ಕಂಡರೆ ನನಗೆ ಭಯ. ಅಕ್ಕನೇ ಅದನ್ನು ಹಗುರವಾಗಿ ತೆಗೆದುಕೊಂಡಿರಲಿಲ್ಲ. ಹೊಟ್ಟೆಯೊಳಗೆ ಇದ್ದದ್ದು ಜೀವವೆಂದು ಆಕೆಗೆ ಯಾವ ಪೂಜಾರಿಯೂ ಕಲಿಸಬೇಕಾಗಿರಲಿಲ್ಲ. ಅದಕ್ಕೆ ಹೆಸರಿಟ್ಟವಳು ಅವಳು. ಒಮ್ಮೆ ಬಟ್ಟೆ ಒಗೆಯುತ್ತ ನನಗೆ ಹೇಳಿದ್ದಳು, "ಮಾಫಿ ಕೇಳೂದಿದ್ರ ನಾ ಆ ಕೂಸಿಗೆ ಕೇಳ್ತೀನಿ. ಇವರ್ಯಾರು ನಡುವ?" ಈ ಮಾತಿಗಿಂತ ದೊಡ್ಡ ಧರ್ಮಶಾಸ್ತ್ರವನ್ನು ನಾನು ಓದಿಲ್ಲ. ಪಶ್ಚಾತ್ತಾಪವೆಂಬುದು ಒಬ್ಬರ ಎದೆಯಲ್ಲಿ ತಾನಾಗಿ ಉರಿಯುವಾಗ ಅದನ್ನು ಹೊರಗೆಳೆದು ಅಂಗಳದಲ್ಲಿ ಮೆರವಣಿಗೆ ಮಾಡಿಸುವವರಿಗೆ ಧರ್ಮದ ಚಿಂತೆಯಿಲ್ಲ, ಕಂಬಳಿಯ ಮೇಲಿನ ತಮ್ಮ ಜಾಗದ ಚಿಂತೆ. ಆ ವರ್ಷ ದೇಶ ಒಂದಾಯಿತೆಂದು ಶಹಾಪುರದಲ್ಲಿ ಪೇಡೆ ಹಂಚಿದರು. ಎಲ್ಲೆಲ್ಲಿಯ ಸೀಮೆಗಳನ್ನೋ ಒಳಗೆ ಸೇರಿಸಿಕೊಂಡವರಿಗೆ ನಮ್ಮ ಓಣಿಯ ಹೆಂಗಸೊಬ್ಬಳು ಹೊರಗಿದ್ದದ್ದು ಕಾಣಲಿಲ್ಲ. ಯಾದಗಿರಿಯ ಕಚೇರಿಯ ಒಂದೇ ಕಾಯಿದೆ ಸಗರದ ಗುಡಿಯ ತನಕ ನಡೆದು ಬರಲಿಲ್ಲ.

ಅಕ್ಕ ಬಹಳ ವರ್ಷ ಬದುಕಿದಳು. ಐದು ಮೊಮ್ಮಕ್ಕಳನ್ನು ಕಾಲಮೇಲೆ ಹಾಕಿಕೊಂಡು ಎರೆದಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಬೋರ್ಡಿನ ಮೇಲೆ ದುಂಡಗೆ ಬರೆದು ಮನೆಗೆ ಬಂದು, ಅಕ್ಕ ಬಡಿಸಿದ ರೊಟ್ಟಿಯನ್ನು ತಲೆತಗ್ಗಿಸಿ ತಿನ್ನುತ್ತಿದ್ದೆ. ಆಕೆ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಆಕೆಯ ಪಾದ ಹಿಡಿದುಕೊಂಡೆ. ಅಂದು ಔಷಧ ಅರೆದವಳು ನಾನೆಂದು ದೈವದ ಮುಂದೆ ಹೇಳಲಿಲ್ಲ, ಆ ಪಾಪದಲ್ಲಿ ನನ್ನ ಪಾಲೂ ಇತ್ತು, ತಪ್ಪಾಯಿತು ಎಂದೆ.

ಅಕ್ಕ ಕಣ್ಣು ತೆರೆದಳು. "ಹುಚ್ಚಿ, ನೀ ಅರದಿದ್ದಿಲ್ಲಂದ್ರ ನಾ ಇವತ್ತಿನ ತನಕ ಇರ್ತಿದ್ನೇನು? ಅದಕ್ಕ್ಯಾಕ ಕೇಳ್ತಿ," ಅಂದಳು. ಆಮೇಲೆ, "ಕೇಳೂದಿದ್ರ ಕಲ್ಲಿಂದು ಕೇಳು. ಸಣ್ಣದಿತ್ತಲ್ಲ ಮನ್ಯಾಗ," ಅಂದಳು.

ಮೂವತ್ತು ವರ್ಷ ಆಕೆ ಅದನ್ನು ಒಳಗಿಟ್ಟುಕೊಂಡು ನನಗೆ ರೊಟ್ಟಿ ಬಡಿಸಿದ್ದಳು. ನಾನು ಕೇಳಿದೆ. ಮೂರು ಸಲ ಕೇಳಿದೆ. ಆಕೆ ಆಮೇಲೆ ಕೈ ಚಾಚಿ ನೀರು ಬೇಕೆಂದಳು. ತಂಬಿಗೆಯನ್ನು ಆಕೆಯ ತುಟಿಗೆ ಹಿಡಿದೆ. ಆಕೆ ತನ್ನ ಕೈಯನ್ನು ಅದಕ್ಕೆ ಆನಿಸಿ, ಒಂದು ಹನಿ ಚೆಲ್ಲದಂತೆ ಪೂರಾ ಕುಡಿದಳು.

ನನಗೆ ಮಾಫಿ ಸಿಕ್ಕಿತು. ಕಂಬಳಿಯ ಮೇಲೆ ಕೂತಿದ್ದವರು ಮಾತ್ರ ಯಾರಿಗೂ ಏನನ್ನೂ ಕೇಳದೆ, ಎಲ್ಲರಿಂದ ಹಿರಿಯರೆನ್ನಿಸಿಕೊಂಡು, ಒಬ್ಬೊಬ್ಬರಾಗಿ ಹೋದರು. ಅವರನ್ನು ಕ್ಷಮಿಸುವ ಹಕ್ಕು ನನಗಿಲ್ಲ. ಇದ್ದಿದ್ದರೂ ಕ್ಷಮಿಸುತ್ತಿರಲಿಲ್ಲ.

ಮೊನ್ನೆ ಸೊಸೆ, ಈ ಕಲ್ಲು ಕಾಲಿಗೆ ತಗಲುತ್ತದೆ, ಬಾಗಿಲಿಗೊಂದು ಚಿಲಕ ಹಾಕಿಸಿ ಇದನ್ನು ಹಿತ್ತಲಿಗೆ ಹಾಕೋಣ ಎಂದಳು. ಚಿಲಕ ಹಾಕಿಸು, ಕಲ್ಲು ಇರಲಿ ಎಂದೆ. ಈಗಲೂ ನಮ್ಮ ಮನೆಗೆ ದೊಡ್ಡ ಮನುಷ್ಯರು ಬರುತ್ತಾರೆ, ಚಹಾ ಕುಡಿಯುತ್ತ ಯಾವಳೋ ಹೆಂಗಸಿನ ಪಾಪದ ಮಾತು ತೆಗೆಯುತ್ತಾರೆ. ನಾನು ಎದ್ದು ಹೋಗಿ, ಈ ಗುಂಡನ್ನು ಉರುಳಿಸಿಕೊಂಡು ಬಂದು ಅವರ ಕಾಲ ಬಳಿ ನಿಲ್ಲಿಸಿ, ಮೊದಲು ಇದನ್ನು ತಲೆಯ ಮೇಲಿಟ್ಟುಕೊಳ್ಳಿರಿ, ಆಮೇಲೆ ಮುಂದುವರಿಸಿರಿ ಎನ್ನುತ್ತೇನೆ. ಈವರೆಗೆ ಒಬ್ಬರೂ ಎತ್ತಿಲ್ಲ.